ತಂತ್ರಾಂಶ ವಿಮರ್ಶೆ: ಪೈಶ್ರಿಂಕ್

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕ ಮಾರುಕಟ್ಟೆಗೆ ಬಂದದ್ದು 2012ರ ಫೆಬ್ರವರಿ 29ರಂದು. ಇದರೊಳಗೆ ಹಾರ್ಡ್ ಡಿಸ್ಕ್ ಇರುವುದಿಲ್ಲ. ಕಾರ್ಯಾಚರಣ ವ್ಯವಸ್ಥೆ ಮತ್ತು ಕಡತಗಳು ಸಾಮಾನ್ಯವಾಗಿ ಉಗುರಿನಷ್ಟು ಚಿಕ್ಕ ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿರುತ್ತವೆ. ಗುಬ್ಬಿ ತಾಲ್ಲೂಕಿನ ಕಡಬದಂಥ ಊರಿನ ಶಾಲೆಯೊಂದು ಇಂಥ ಹತ್ತು ಗಣಕಗಳನ್ನು ಸಜ್ಜುಗೊಳಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಒಂದು ಕಾರ್ಡನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸಿ, ಉಳಿದವಕ್ಕೆ ಅದರ ಪ್ರತಿ ಇಳಿಸುವುದು ಜಾಣತನ. ತೊಡಕು ಶುರುವಾಗುವುದೂ ಇಲ್ಲಿಂದಲೇ.

ಲಿನಕ್ಸ್‌ನ ಹಳೆಯ ‘ಡಿಡಿ’ ಆದೇಶ ತುಂಬಿದ ಜಾಗ, ಖಾಲಿ ಜಾಗ ಎಂದು ಭೇದವೆಣಿಸುವುದಿಲ್ಲ. ಕಾರ್ಡಿನಲ್ಲಿ 6 ಜಿಬಿ ಮಾತ್ರ ಬಳಕೆಯಾಗಿದ್ದರೂ 32 ಜಿಬಿಯ ಇಮೇಜ್ ಕಡತ ತಯಾರಾಗುತ್ತದೆ. ಸೆಕೆಂಡಿಗೆ 20 ಎಂಬಿ ವೇಗದಲ್ಲಿ ಬರೆದರೆ ಒಂದು ಕಾರ್ಡಿಗೆ ಸುಮಾರು 27 ನಿಮಿಷ, ಹತ್ತಕ್ಕೆ ನಾಲ್ಕೂವರೆ ಗಂಟೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 32 ಜಿಬಿ ಎಂದು ಮುದ್ರಿಸಿರುವ ಎರಡು ಕಂಪನಿಗಳ ಕಾರ್ಡುಗಳಲ್ಲಿ ಸೆಕ್ಟರುಗಳ ಸಂಖ್ಯೆ ಒಂದೇ ಆಗಿರಬೇಕೆಂದಿಲ್ಲ. ಹೊಸ ಕಾರ್ಡು ಕೂದಲೆಳೆಯಷ್ಟು ಚಿಕ್ಕದಾಗಿದ್ದರೂ ಇಮೇಜಿನ ಬಾಲ ಹೊರಗುಳಿಯುತ್ತದೆ, ಗಣಕ ಏಳುವುದೇ ಇಲ್ಲ. ನಾನೂ ಇದರಿಂದ ಒಂದು ಭಾನುವಾರ ಕಳೆದುಕೊಂಡವನೇ.

ಇದಕ್ಕೆ ಪರಿಹಾರ ವಿಭಾಗವನ್ನು ಕುಗ್ಗಿಸುವುದು. ಆದರೆ ಕ್ರಮ ತಪ್ಪಬಾರದು. ಕಡಬದ ದೊಡ್ಡ ಕೆರೆಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು: ಏರಿಯನ್ನು ಒಳಕ್ಕೆ ತರಬೇಕಾದರೆ ಮೊದಲು ನೀರು ತಗ್ಗಬೇಕು. ಇಲ್ಲಿ ನೀರೆಂದರೆ ಇಎಕ್ಸ್‌ಟಿ4 ಕಡತ ವ್ಯವಸ್ಥೆ, ಏರಿಯೆಂದರೆ ವಿಭಾಗದ ಗಡಿ. ಮೊದಲು ಕಡತ ವ್ಯವಸ್ಥೆಯ ದೋಷ ತಪಾಸಣೆ, ಆಮೇಲೆ ‘ರೀಸೈಜ್2ಎಫ್‌ಎಸ್’ನಿಂದ ಅದರ ಕುಗ್ಗಿಸುವಿಕೆ, ಆನಂತರ ಗಡಿಯ ಬದಲಾವಣೆ, ಕೊನೆಗೆ ಇಮೇಜಿನ ಬಾಲ ಕತ್ತರಿಸುವುದು. ಹಿಗ್ಗಿಸುವಾಗ ಮಾತ್ರ ಗಡಿ ಮೊದಲು, ಕಡತ ವ್ಯವಸ್ಥೆ ಆಮೇಲೆ. ಕೈಯಿಂದ ಮಾಡುವವರು ಎಡವುವುದು ಬಹುತೇಕ ಲೆಕ್ಕದಲ್ಲಿ. ಕಡತ ವ್ಯವಸ್ಥೆ ತನ್ನ ಗಾತ್ರವನ್ನು ಸಾಮಾನ್ಯವಾಗಿ 4096 ಬೈಟುಗಳ ಬ್ಲಾಕ್‌ಗಳಲ್ಲಿ ಹೇಳುತ್ತದೆ, ವಿಭಾಗ ಪಟ್ಟಿ 512 ಬೈಟುಗಳ ಸೆಕ್ಟರುಗಳಲ್ಲಿ ಕೇಳುತ್ತದೆ. ಎಂಟರಿಂದ ಗುಣಿಸಲು ಮರೆತರೆ ಕಥೆ ಮುಗಿದಂತೆಯೇ.

ಪೈಶ್ರಿಂಕ್ ಎಂಬ ಮುಕ್ತ ತಂತ್ರಾಂಶ ಈ ಹಂತಗಳನ್ನೆಲ್ಲ ಒಂದೇ ಆದೇಶದಲ್ಲಿ ಮುಗಿಸುತ್ತದೆ. ಇದು ಬ್ಯಾಶ್‌ನಲ್ಲಿ ಬರೆದ ಒಂದು ಸ್ಕ್ರಿಪ್ಟ್ ಅಷ್ಟೆ. ತೆರೆದು ಓದಿದರೆ ಮೇಲಿನ ಕ್ರಮ ಸಾಲುಸಾಲಾಗಿ ಕಾಣುತ್ತದೆ. ಪಾಠ ಹೇಳುವವರಿಗೆ ಇದೇ ಇದರ ದೊಡ್ಡ ಗುಣವೆಂದು ನನಗನಿಸುತ್ತದೆ. ಹೊಸ ಕಾರ್ಡಿನಲ್ಲಿ ಗಣಕ ಮೊದಲ ಬಾರಿ ಎದ್ದಾಗ ವಿಭಾಗ ತಾನಾಗಿ ಕಾರ್ಡಿನ ತುಂಬ ಹಿಗ್ಗುವ ಏರ್ಪಾಡನ್ನೂ ಮಾಡಿರುತ್ತದೆ.

ಕೊರತೆಗಳೂ ಇವೆ. ಕೊನೆಯ ವಿಭಾಗ ಇಎಕ್ಸ್‌ಟಿ ಜಾತಿಯದಾಗಿದ್ದರೆ ಮಾತ್ರ ಇದು ಕೆಲಸ ಮಾಡೀತು. ಎರಡನೆಯ ಕಡತದ ಹೆಸರು ಕೊಡದಿದ್ದರೆ ಮೂಲ ಇಮೇಜಿಗೇ ಕೈ ಹಾಕುತ್ತದೆ. ನಡುವೆ ಕರೆಂಟು ಹೋದರೆ ಇದ್ದದ್ದೊಂದು ಪ್ರತಿಯೂ ಕೆಟ್ಟೀತು. ಹೆಸರು ಕೊಟ್ಟರೆ ಮೂಲದಷ್ಟೇ ಜಾಗ ಮತ್ತೆ ಬೇಕು. ನನ್ನ ಮಟ್ಟಿಗೆ, ಮೊದಲು ಪ್ರತಿ ಮಾಡಿಕೊಳ್ಳುವುದೇ ಇದರ ಸಹಜ ವರ್ತನೆಯಾಗಿರಬೇಕಿತ್ತು.

ರಾಸ್ಪ್‌ಬೆರಿ ಪೈ ವ್ಯವಸ್ಥೆಯೊಡನೆ ಬರುವ ‘ಎಸ್‌ಡಿ ಕಾರ್ಡ್ ಕಾಪಿಯರ್’ ಇನ್ನೊಂದು ದಾರಿ. ಅದು ಕಡತಗಳನ್ನಷ್ಟೇ ನಕಲಿಸುವುದರಿಂದ ಕುಗ್ಗಿಸುವ ಗೋಜಿಲ್ಲ. ಎರಡು ಮೂರು ಕಾರ್ಡುಗಳಿಗೆ ಅದೇ ಮೇಲು. ಆದರೆ ಎತ್ತಿಟ್ಟುಕೊಳ್ಳಲು ಇಮೇಜ್ ಸಿಗುವುದಿಲ್ಲ.

ಶಿಕ್ಷಕರು ಕಡೆಗಣಿಸಬಾರದ ಸಂಗತಿ ಇನ್ನೊಂದು. ಅಳಿಸಿದ ಕಡತ ನಿಜವಾಗಿ ಅಳಿದಿರುವುದಿಲ್ಲ, ಅದರ ಜಾಗ ಖಾಲಿಯೆಂದು ಗುರುತಾಗಿರುತ್ತದೆ ಅಷ್ಟೆ. ನೀವು ಅಳಿಸಿದ ಅಂಕಪಟ್ಟಿ ‘ಡಿಡಿ’ಯ ಮೂಲಕ ಹತ್ತೂ ಕಾರ್ಡುಗಳಿಗೆ ಹೋದೀತು. ಕುಗ್ಗಿಸಿದ ಮಾತ್ರಕ್ಕೆ ಅದು ತೊಲಗಿತೆಂದು ನಂಬುವಂತಿಲ್ಲ. ಮೂಲ ಕಾರ್ಡನ್ನು ಹೊಸದಾಗಿಯೇ ಸಿದ್ಧಪಡಿಸಿ. ಎಸ್‌ಎಸ್‌ಎಚ್ ಬಳಸುವುದಾದರೆ, ಪ್ರತಿ ಗಣಕದ ಹೆಸರನ್ನೂ ಬೀಗದ ಕೀಲಿಗಳನ್ನೂ ಆಮೇಲೆ ಬೇರೆ ಬೇರೆ ಮಾಡಿ. ಇಲ್ಲವಾದರೆ ಹತ್ತೂ ಯಂತ್ರಗಳು ಜಾಲದಲ್ಲಿ ಒಂದೇ ಗುರುತು ಹೇಳುತ್ತವೆ.