ಗಣಿತಸಾರಸಂಗ್ರಹದ ಉದ್ದೇಶಕಗಳು ಮತ್ತು ಪ್ರಾಥಮಿಕ ಶಾಲೆಯ ವಾಕ್ಯರೂಪದ ಲೆಕ್ಕಗಳು

ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವನ್ನು ಕುರಿತು ವಿದ್ವಾಂಸರು ಬರೆದಿರುವುದು ಬಹುಮಟ್ಟಿಗೆ ಅದರ ಕರಣಸೂತ್ರಗಳನ್ನು ಕುರಿತದ್ದು. ಋಣರಾಶಿಗೆ ವರ್ಗಮೂಲವಿಲ್ಲವೆಂಬ ನಿರ್ಣಯ, ಆಯತವೃತ್ತದ ವಿಚಾರ, ಇಪ್ಪತ್ತನಾಲ್ಕು ಸ್ಥಾನಗಳ ಸಂಖ್ಯಾನಾಮಗಳು ಮತ್ತೆ ಮತ್ತೆ ಉಲ್ಲೇಖಗೊಂಡಿವೆ. ಸೂತ್ರವನ್ನು ಹಿಂಬಾಲಿಸಿ ಬರುವ ಉದ್ದೇಶಕಗಳು ಮಾತ್ರ ಆಚಾರ್ಯರ ಕಾವ್ಯರಸಿಕತೆಗೆ ಸಾಕ್ಷಿಯೆಂಬಷ್ಟಕ್ಕೆ ಸೀಮಿತವಾಗಿ ಉಳಿದಿವೆ. ಈ ಎಣಿಕೆ ಸರಿಯಲ್ಲ. ವಾಕ್ಯರೂಪದಲ್ಲಿ ಕೊಟ್ಟ ಲೆಕ್ಕವನ್ನು ಓದುವ ಬಗೆ ಹೇಗೆಂಬ ಪ್ರಶ್ನೆಗೆ ಕರ್ಣಾಟಕದ ಜೈನ ವಾಙ್ಮಯವು ಕೊಟ್ಟ ಉತ್ತರವು ಈ ಉದ್ದೇಶಕಗಳಲ್ಲಿಯೇ ಇದೆ.

ಗ್ರಂಥವು ಕ್ರಿ.ಶ. 850ರ ಸುಮಾರಿನದು. ಅದರ ಆದಿಯಲ್ಲಿ ಸ್ತುತನಾಗಿರುವ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟವು ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ನದಿಯ ದಡದ ಈ ಗ್ರಾಮದ ನೇಮಿನಾಥ ಬಸದಿಯನ್ನು ಬಲ್ಲವರಿಗೆ ಅದರ ಸುತ್ತಲಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಶಾಲೆಗಳ ಪರಿಸ್ಥಿತಿಯೂ ಅಪರಿಚಿತವಲ್ಲ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ, ಮರಾಠಿ ಆಡುವ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು ಪುಸ್ತಕದ ಕನ್ನಡದಲ್ಲಿ ಲೆಕ್ಕವನ್ನು ಓದಬೇಕು. ಕೂಡುವುದು ಕಳೆಯುವುದು ಬಲ್ಲ ಮಗುವು ಅದೇ ಸಂಖ್ಯೆಗಳು ವಾಕ್ಯದೊಳಗೆ ಬಂದೊಡನೆ ತಡವರಿಸುತ್ತದೆ.

ಇದಕ್ಕೆ ರೂಢಿಯಲ್ಲಿರುವ ಪರಿಹಾರವೆಂದರೆ ಸೂಚಕಪದಗಳ ಪಾಠ: ‘ಒಟ್ಟು’ ಎಂದಿದ್ದರೆ ಕೂಡು, ‘ಉಳಿದ’ ಎಂದಿದ್ದರೆ ಕಳೆ, ‘ಪ್ರತಿಯೊಂದಕ್ಕೆ’ ಎಂದಿದ್ದರೆ ಗುಣಿಸು ಅಥವಾ ಭಾಗಿಸು. ಇದು ಓದನ್ನು ಕಲಿಸದೆ ಓದದಿರುವುದನ್ನು ಕಲಿಸುತ್ತದೆ. 1979–80ರ ಸುಮಾರಿನಲ್ಲಿ ಫ್ರಾನ್ಸ್ ದೇಶದ ಗ್ರೆನೋಬಲ್ ನಗರದ ಗಣಿತಶಿಕ್ಷಣ ಸಂಶೋಧಕರು ಎಳೆಯ ಮಕ್ಕಳಿಗೆ ಒಂದು ಪ್ರಶ್ನೆಯನ್ನಿತ್ತರು: ಹಡಗಿನಲ್ಲಿ 26 ಕುರಿ, 10 ಆಡುಗಳಿವೆ, ಹಡಗಿನ ನಾಯಕನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಕೊಟ್ಟ ಸಂಖ್ಯೆಗಳನ್ನೇ ಬಳಸಿ ಒಂದು ವಯಸ್ಸನ್ನು ಹೇಳಿಬಿಟ್ಟರು. ಮಕ್ಕಳು ದಡ್ಡರಾಗಿರಲಿಲ್ಲ, ಸಂಖ್ಯೆಗಳನ್ನು ಹೆಕ್ಕಿ ಏನಾದರೊಂದು ಕ್ರಿಯೆ ಮಾಡುವುದೇ ಲೆಕ್ಕವೆಂದು ಅವರಿಗೆ ರೂಢಿಯಾಗಿತ್ತು.

ಮಹಾವೀರಾಚಾರ್ಯರು ಲೆಕ್ಕಗಳನ್ನು ವಿಂಗಡಿಸಿದ್ದು ಪದದಿಂದಲ್ಲ, ವಸ್ತುವಿನಿಂದಲೂ ಅಲ್ಲ, ‘ಜಾತಿ’ಯಿಂದ. ಪ್ರಕೀರ್ಣಕ ವ್ಯವಹಾರದಲ್ಲಿ ಇಂಥ ಹತ್ತು ಜಾತಿಗಳನ್ನು ಅವರು ಹೆಸರಿಸುತ್ತಾರೆ. ಪ್ರಾಥಮಿಕ ಶಾಲೆಗೆ ಮೊದಲ ಎರಡೇ ಸಾಕು: ಭಾಗಜಾತಿ ಮತ್ತು ಶೇಷಜಾತಿ. ಭಾಗಜಾತಿಯಲ್ಲಿ ಹೇಳಿದ ಭಾಗಗಳೆಲ್ಲ ಮೂಲರಾಶಿಯ ಭಾಗಗಳು; ಶೇಷಜಾತಿಯಲ್ಲಿ ಪ್ರತಿಯೊಂದು ಭಾಗವೂ ಅದುವರೆಗೆ ಉಳಿದುದರ ಭಾಗ. ಎರಡರಲ್ಲಿಯೂ ಕೊನೆಗೆ ಕಣ್ಣಿಗೆ ಕಾಣುವ ಸಂಖ್ಯೆಯನ್ನು ‘ದೃಶ್ಯ’ವೆಂದು ಕರೆದಿದೆ. ‘ಯಾವುದರ ಭಾಗ?’ ಎಂಬ ಒಂದೇ ಪ್ರಶ್ನೆಯಿಂದ ಲೆಕ್ಕದ ಜಾತಿಯು ನಿರ್ಣಯವಾಗುತ್ತದೆ.

ಭಾಗಜಾತಿಗೆ ಸ್ತಂಭದ ಉದ್ದೇಶಕವನ್ನು ನೋಡಬಹುದು. ಒಂದು ಕಂಬದ 1/8 ಭಾಗ ಮಣ್ಣಿನಲ್ಲಿ, 1/3 ಭಾಗ ನೀರಿನಲ್ಲಿ, 1/4 ಭಾಗ ಪಾಚಿಯಲ್ಲಿ. ಮೇಲೆ ಕಾಣುವುದು 7 ಹಸ್ತ. ಮೂರು ಭಾಗಗಳನ್ನು ಕೂಡಿದರೆ 17/24. ಉಳಿದ 7/24 ಭಾಗವು 7 ಹಸ್ತವಾದುದರಿಂದ ಕಂಬ 24 ಹಸ್ತ. ಶೇಷಜಾತಿಗೆ ಮಾವಿನ ಹಣ್ಣಿನ ಉದ್ದೇಶಕವಿದೆ. ರಾಶಿಯ 1/6 ಭಾಗವನ್ನು ರಾಜನು ಕೊಂಡನು, ಉಳಿದುದರ 1/5 ಭಾಗವನ್ನು ರಾಣಿಯು, ಮತ್ತೆ ಉಳಿಯುತ್ತ ಬಂದುದರ 1/4, 1/3, 1/2 ಭಾಗಗಳನ್ನು ಕ್ರಮವಾಗಿ ಮೂವರು ರಾಜಕುಮಾರರು. ಕೊನೆಯ ಮಗುವಿಗೆ 3 ಹಣ್ಣುಗಳು.

ಈ ಲೆಕ್ಕದಲ್ಲಿ ‘ಉಳಿದ’ ಎಂಬ ಪದವಿದೆ. ಸೂಚಕಪದದ ಪಾಠ ಕಲಿತ ಮಗುವು ಕಳೆಯಲು ಹೊರಟರೆ ಯಾವುದರಿಂದ ಕಳೆಯಬೇಕೆಂಬುದೇ ತಿಳಿಯದು. ಬೀಜಗಣಿತವಿಲ್ಲದೆ, ಹುಣಸೆಬೀಜಗಳಿಂದಲೇ, ಇದನ್ನು ಹಿಂದಿನಿಂದ ಮುಂದಕ್ಕೆ ಕಟ್ಟಬಹುದು. ಕೊನೆಯ ಕುಮಾರನು ಅರ್ಧ ಕೊಂಡ ಮೇಲೆ 3 ಉಳಿದವೆಂದರೆ ಅದಕ್ಕೆ ಮೊದಲು 6. ಈ 6 ಮೂರು ಪಾಲಿನಲ್ಲಿ ಎರಡು ಪಾಲು. ಒಂದು ಪಾಲು 3, ಆದುದರಿಂದ 9. ಈ 9 ನಾಲ್ಕು ಪಾಲಿನಲ್ಲಿ ಮೂರು, ಆದುದರಿಂದ 12. ಹೀಗೆಯೇ 15, 18. ಪ್ರತಿಯೊಂದು ಹೆಜ್ಜೆಯಲ್ಲಿಯೂ ಪಾಲು 3 ಆಗಿಯೇ ಬರುವುದನ್ನು ಮಗುವು ತಾನೇ ಕಾಣುತ್ತದೆ: ರಾಜನಿಗೂ ಮೂರು, ಕಿರಿಯ ಮಗುವಿಗೂ ಮೂರು. ಭಾಗಗಳ ಹೆಸರು ಬೇರೆಬೇರೆಯಾದರೂ ಹಣ್ಣು ಸಮವಾಗಿಯೇ ಹಂಚಿಕೆಯಾಯಿತೆಂಬುದು ಆಚಾರ್ಯರ ವಿನೋದವೂ ಇರಬಹುದು.

ಓದು ತಪ್ಪಿದರೆ ಏನಾಗುತ್ತದೆ? ಮಾವಿನ ಲೆಕ್ಕದಲ್ಲಿ ಎಲ್ಲವನ್ನೂ ಮೂಲರಾಶಿಯ ಭಾಗವೆಂದು ಓದಿದರೆ ಭಾಗಗಳ ಮೊತ್ತವು 87/60 ಆಗಿ ರಾಶಿಯನ್ನೇ ಮೀರುತ್ತದೆ. ತಪ್ಪು ತಾನಾಗಿ ಹೊರಬೀಳುತ್ತದೆ. ಮುರಿದ ಮುತ್ತಿನ ಹಾರದ ಪ್ರಸಿದ್ಧ ಉದ್ದೇಶಕದಲ್ಲಿಯೂ ಹೀಗೆಯೇ. ಅಲ್ಲಿ 1/3 ಮತ್ತು 1/6 ಇಡೀ ಹಾರದ ಭಾಗಗಳು, ಅನಂತರ ಆರು ಸಲ ಉಳಿದುದರ ಅರ್ಧ, ಕೊನೆಗೆ 1161 ಮುತ್ತು; ಉತ್ತರ 1,48,608. ಆ 1/6ನ್ನು ಉಳಿದುದರದೆಂದು ತಿಳಿದರೆ ಮುತ್ತುಗಳ ಸಂಖ್ಯೆ ಪೂರ್ಣಾಂಕವೇ ಆಗುವುದಿಲ್ಲ. (ದಂಪತಿಗಳ ಏಕಾಂತದ ಈ ವರ್ಣನೆ ಬಾಲಕರ ಪಾಠಕ್ಕೆ ತಕ್ಕುದಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.) ಆದರೆ ಸ್ತಂಭದ ಲೆಕ್ಕವು ಇಷ್ಟು ದಯಾಳುವಲ್ಲ. ಅದನ್ನು ತಪ್ಪಾಗಿ ಶೇಷಜಾತಿಯೆಂದು ಓದಿದರೆ 7/8, 2/3, 3/4ಗಳ ಗುಣಲಬ್ಧ 7/16; ಕಂಬವು ಸರಿಯಾಗಿ 16 ಹಸ್ತವೆಂದು ಬರುತ್ತದೆ! ಉತ್ತರವು ಚೊಕ್ಕವಾಗಿದೆ, ಓದು ತಪ್ಪಾಗಿದೆ. ವಾಕ್ಯದಲ್ಲಿ ‘ಉಳಿದುದರ’ ಎಂಬ ಮಾತು ಇಲ್ಲವೆಂಬುದನ್ನು ಗಮನಿಸುವುದೊಂದೇ ಇಲ್ಲಿ ರಕ್ಷೆ. ಆದುದರಿಂದ ಈ ಎರಡು ಉದ್ದೇಶಕಗಳನ್ನು ಬಿಡಿಬಿಡಿಯಾಗಿ ಅಲ್ಲ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಕಲಿಸತಕ್ಕದ್ದು.

ಈ ದೃಷ್ಟಿಯಿಂದ ನೋಡಿದಾಗ ಮುದ್ರಿತ ಆವೃತ್ತಿಗಳ ಗುಣದೋಷಗಳು ಸ್ಪಷ್ಟವಾಗುತ್ತವೆ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಪ್ರಕಟಿಸಿದ ಆವೃತ್ತಿಯ ಋಣವನ್ನು ಯಾರೂ ಮರೆಯಲಾಗದು. ಆದರೆ ಅಡಿಟಿಪ್ಪಣಿಗಳಲ್ಲಿ ಸೂತ್ರಗಳು ಆಧುನಿಕ ಬೀಜಗಣಿತದ ಸಮೀಕರಣಗಳಾಗಿವೆ, ಉತ್ತರಗಳು ಅನುಬಂಧಕ್ಕೆ ಸರಿದಿವೆ. ವಾಕ್ಯದಿಂದ ಸಮೀಕರಣಕ್ಕೆ ಹೋಗುವ ದಾರಿಯೇ ಮಗುವಿಗೆ ಕಷ್ಟವಾದುದು; ಆ ದಾರಿಯು ಅಲ್ಲಿ ಕಾಣುವುದಿಲ್ಲ. ಅದೇ ವಿದ್ವಾಂಸರು ಬಳಸಿದ ಪ್ರತಿಗಳಲ್ಲಿ ಒಂದರಲ್ಲಿ ವಲ್ಲಭನೆಂಬವನ ಕನ್ನಡ ಕಿರುಟೀಕೆ ಇದ್ದಿತು. ತೆಲುಗಿನಲ್ಲಿಯೂ ತಾನು ಟೀಕೆ ಬರೆದುದಾಗಿ ಅವನು ಹೇಳಿಕೊಂಡಿದ್ದಾನೆ. ಎರಡು ಭಾಷೆಗಳ ಗಡಿಯಲ್ಲಿರುವ ಸೇಡಂ–ಚಿಂಚೋಳಿಗಳಿಗೆ ಇದಕ್ಕಿಂತ ಉಪಯುಕ್ತವಾದ ಪೂರ್ವನಿದರ್ಶನವು ದೊರೆಯುವುದು ದುರ್ಲಭ. 1912ರ ಮುದ್ರಣದಲ್ಲಿ ಮೂಲಕ್ಕೂ ಇಂಗ್ಲಿಷ್ ಅನುವಾದಕ್ಕೂ ಸ್ಥಾನ ದೊರೆಯಿತು, ಟೀಕೆಗೆ ದೊರೆಯಲಿಲ್ಲ. 1963ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ ಹಿಂದಿ ಅನುವಾದವೂ, 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದು ಗ್ರಂಥವು ಕನ್ನಡಿಗರ ಕೈಗೆ ಸೇರಿತು. ಇನ್ನು ಬೇಕಾದುದು ಪಂಡಿತರ ಪುಸ್ತಕವಲ್ಲ, ಉಪಾಧ್ಯಾಯರ ಪುಸ್ತಕ.

ಅಂಥ ಪುಸ್ತಕದಲ್ಲಿ ಭಾಷೆಯ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ‘ಅದರ 1/5 ಭಾಗ’ ಎಂಬಲ್ಲಿನ ‘ಅದರ’ ಎಂಬ ಸರ್ವನಾಮವು ಇಡೀ ರಾಶಿಗೂ ಸಲ್ಲುತ್ತದೆ, ಉಳಿದುದಕ್ಕೂ ಸಲ್ಲುತ್ತದೆ. ಭಾಗಜಾತಿ–ಶೇಷಜಾತಿಗಳ ಭೇದವೆಲ್ಲ ಆ ಒಂದು ಪದದಲ್ಲಿ ಮುಳುಗಿಹೋಗುತ್ತದೆ. ಆಚಾರ್ಯರು ಶೇಷವನ್ನು ಶೇಷವೆಂದೇ ಹೇಳಿದ್ದಾರೆ; ಅನುವಾದವೂ ‘ಉಳಿದುದರ’ ಎಂದೇ ಹೇಳಬೇಕು. ‘ಮೂರನೆಯ ಒಂದು ಭಾಗ’ ಎಂಬ ಪಠ್ಯಪುಸ್ತಕದ ಪ್ರಯೋಗವೂ ಹೀಗೆಯೇ ತೊಡಕಿನದು: ಮೊದಲನೆಯದು, ಎರಡನೆಯದು ಆದಮೇಲೆ ಬರುವ ಮೂರನೆಯದೆಂದು ಮಗುವು ತಿಳಿಯುವ ಸಂಭವವಿದೆ. ‘ಮೂರು ಪಾಲಿನಲ್ಲಿ ಒಂದು ಪಾಲು’ ಎಂದರೆ ಗೊಂದಲವಿಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ದಲ್ಲಿ ಪದ್ಯದ ಜೊತೆಗೆ ಕನ್ನಡ ಗದ್ಯದಲ್ಲಿ ಲೆಕ್ಕವನ್ನು ಬಿಡಿಸಿ ತೋರಿಸಿದುದರ ಮಹತ್ತ್ವವು ಇಂಥ ಕಡೆ ತಿಳಿಯುತ್ತದೆ.

ಲೆಕ್ಕಗಳಿಗೆ ಸ್ಥಳೀಯ ವಸ್ತುಗಳನ್ನು ತರಬೇಕೆಂಬ ಮಾತೂ ಆಗಾಗ ಕೇಳಿಬರುತ್ತದೆ. ಅದು ಯುಕ್ತವೇ. ಎಂಟೆಂಟು ಕಮಲಗಳಂತೆ 144 ಬಸದಿಗಳಿಗೆ ಎಷ್ಟು ಎಂದು ಕೇಳಿದ ಆಚಾರ್ಯರೂ ತಮ್ಮ ಶ್ರಾವಕಲೋಕದ ವಸ್ತುವನ್ನೇ ಬಳಸಿದರು. ಆದರೆ ಮಾವಿನ ಬದಲು ಸೇಡಂ ತೊಗರಿಯ ಚೀಲಗಳನ್ನೋ ಶಹಾಬಾದಿನ ಫರಸಿ ಕಲ್ಲುಗಳನ್ನೋ ಇಟ್ಟಮಾತ್ರಕ್ಕೆ ಲೆಕ್ಕದ ಜಾತಿ ಬದಲಾಗದು, ಓದಿನ ಕಷ್ಟವೂ ಕಡಿಮೆಯಾಗದು. ಪರಿಚಿತ ವಸ್ತುವು ಸಂಬಂಧವನ್ನು ಕಾಣಿಸುವಂತಿದ್ದರೆ ಮಾತ್ರ ಪ್ರಯೋಜನ. ಇದಕ್ಕೆ ಮಾದಲ ಮತ್ತು ಬೇಲದ ಹಣ್ಣುಗಳ ಉದ್ದೇಶಕವೇ ನಿದರ್ಶನ: 9 ಮಾದಲ, 7 ಬೇಲದ ಹಣ್ಣಿಗೆ ಬೆಲೆ 107, 7 ಮಾದಲ, 9 ಬೇಲಕ್ಕೆ 101. ಸೂತ್ರದ ಪ್ರಕಾರ 107ನ್ನು 9ರಿಂದ, 101ನ್ನು 7ರಿಂದ ಗುಣಿಸಿ, ವ್ಯತ್ಯಾಸವಾದ 256ನ್ನು ವರ್ಗಾಂತರವಾದ 32ರಿಂದ ಭಾಗಿಸಿದರೆ ಮಾದಲದ ಬೆಲೆ 8. ಸಂತೆಯನ್ನು ಕಂಡ ಮಗುವಿಗೆ ಇನ್ನೊಂದು ದಾರಿಯಿದೆ. ಎರಡು ಬುಟ್ಟಿಗಳನ್ನೂ ಸುರಿದರೆ ಎರಡೂ ಹಣ್ಣು 16ರಂತೆ, ಬೆಲೆ 208. ಆದುದರಿಂದ ಒಂದು ಜೊತೆಗೆ 13. ಮೊದಲ ಬುಟ್ಟಿಯ ಎರಡು ಮಾದಲಗಳನ್ನು ತೆಗೆದು ಎರಡು ಬೇಲಗಳನ್ನಿಟ್ಟರೆ ಅದೇ ಎರಡನೆಯ ಬುಟ್ಟಿ, ಬೆಲೆ 6 ಇಳಿಯುತ್ತದೆ. ಒಂದಕ್ಕೆ ಅಂತರ 3. ಹದಿಮೂರರ ಜೊತೆಯಲ್ಲಿ ಮೂರರ ಅಂತರವೆಂದರೆ ಮಾದಲ 8, ಬೇಲ 5. ಸೂತ್ರವು ಮಾಡುವುದೂ ತತ್ತ್ವತಃ ಇದನ್ನೇ; ಆದರೆ ಬುಟ್ಟಿಗಳನ್ನು ಸುರಿದು ನೋಡಿದ ಮಗುವಿಗೆ ಸೂತ್ರವನ್ನು ಅನಂತರ ಹೇಳಿಕೊಡಬಹುದು.