ಇಕ್ರಿತ್ ಖಾಲಿಯಾದದ್ದು ಯುದ್ಧದಿಂದಲ್ಲ

ಪ್ಯಾಲೆಸ್ತೀನಿನ ಪ್ರಸ್ತಾಪ ಬಂದರೆ ಸಾಕು, ನಮ್ಮಲ್ಲಿ ಓದಿಕೊಂಡವರೂ ಒಂದು ವಾದವನ್ನು ಮುಂದಿಡುತ್ತಾರೆ: 1948ರಲ್ಲಿ ಯುದ್ಧವಾಯಿತು, ಅರಬ್ ನಾಯಕರ ಮಾತು ಕೇಳಿ ಹಳ್ಳಿಯವರು ತಾವಾಗಿಯೇ ಊರು ಬಿಟ್ಟರು, ಬಿಟ್ಟುಹೋದ ಹೊಲಮನೆಯನ್ನು ಈಗ ಕೇಳುವುದು ನ್ಯಾಯವಲ್ಲ. ಕೇಳಲು ಅಚ್ಚುಕಟ್ಟಾದ ವಾದ. ಆದರೆ ಗಲಿಲಾಯದ ಬೆಟ್ಟಸಾಲಿನ ಒಂದೇ ಒಂದು ರೈತಹಳ್ಳಿಯ ಕತೆಯನ್ನು ಕೊನೆಯತನಕ ಓದಿದರೆ ಈ ವಾದ ನಿಲ್ಲುವುದಿಲ್ಲ.

ಆ ಹಳ್ಳಿಯ ಹೆಸರು ಇಕ್ರಿತ್. ಲೆಬನಾನ್ ಗಡಿಗೆ ತೀರ ಹತ್ತಿರ. ಬ್ರಿಟಿಷ್ ಆಡಳಿತದ 1945ರ ಗ್ರಾಮ ಅಂಕಿಅಂಶಗಳಲ್ಲಿ ಅಲ್ಲಿನ ಜನಸಂಖ್ಯೆ 490. ಹೆಚ್ಚಿನವರು ಗ್ರೀಕ್ ಕ್ಯಾಥೊಲಿಕ್ ಕ್ರೈಸ್ತರು. ಊರಿನ ಎಲ್ಲೆಯೊಳಗಿದ್ದ ನೆಲ ಸುಮಾರು 24,700 ದುನಮ್, ಅಂದರೆ ಆರು ಸಾವಿರ ಎಕರೆಗೂ ಮಿಕ್ಕು. ಅದರಲ್ಲಿ ಬಹುಪಾಲು ಕಲ್ಲುಗುಡ್ಡ ಮತ್ತು ಕುರುಚಲು ಕಾಡು. ಉಳುಮೆಗೆ ಬಂದ ನೆಲದಲ್ಲಿ ಗೋಧಿ, ಹೊಗೆಸೊಪ್ಪು, ಅಂಜೂರ, ಆಲಿವ್ ಬೆಳೆಯುತ್ತಿದ್ದರು. ಬರಡು ನೆಲಕ್ಕೆ ಹೊಸಬರು ಬಂದು ಹಸಿರು ತಂದರು ಎಂಬ ಇನ್ನೊಂದು ಜನಪ್ರಿಯ ಮಾತಿಗೂ ಈ ಊರಿನ ಬೇಸಾಯವೇ ಉತ್ತರ.

1948ರ ಅಕ್ಟೋಬರ್ ಕೊನೆಯಲ್ಲಿ ಇಸ್ರೇಲಿ ಸೇನೆ ಗಲಿಲಾಯದ ಉತ್ತರ ಭಾಗವನ್ನು ವಶಪಡಿಸಿಕೊಂಡಿತು. ಇಕ್ರಿತ್‌ನವರು ಓಡಲಿಲ್ಲ, ಹೋರಾಡಲೂ ಇಲ್ಲ. ಶರಣಾಗಿ ಮನೆಗಳಲ್ಲೇ ಉಳಿದರು. ವಾರ ಕಳೆಯುವುದರೊಳಗೆ ಸೇನಾಧಿಕಾರಿಗಳು, ಗಡಿಯಲ್ಲಿ ಅಪಾಯವಿದೆ, ಎರಡು ವಾರದ ಮಟ್ಟಿಗೆ ಊರು ಬಿಡಿ ಎಂದರು. ಜನರನ್ನು ದಕ್ಷಿಣದ ರಾಮಾ ಎಂಬ ಹಳ್ಳಿಗೆ ಸಾಗಿಸಿದರು. ಊರು ಕಾಯಲೆಂದು ಉಳಿದಿದ್ದ ಕೆಲವರನ್ನೂ ಆಮೇಲೆ ಅಲ್ಲಿಗೇ ಕಳಿಸಿದರು. ಆ ಎರಡು ವಾರ ಇನ್ನೂ ಮುಗಿದಿಲ್ಲ.

ಈ ಜನ ಗಡಿ ದಾಟಿ ಹೋದವರಲ್ಲ. ಅವರು ಇಸ್ರೇಲಿನ ಪ್ರಜೆಗಳಾದರು, ಅಲ್ಲಿನ ಕಾನೂನನ್ನೇ ನಂಬಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಅವರನ್ನು ತಡೆಯಲು ಕ್ರಮಬದ್ಧ ಆದೇಶವೇ ಇಲ್ಲ, ಆದ್ದರಿಂದ ಮರಳಬಹುದು ಎಂದು ನ್ಯಾಯಾಲಯ 1951ರ ಜುಲೈ 31ರಂದು ತೀರ್ಪಿತ್ತಿತು. ಸೇನಾಡಳಿತ ಮಾಡಿದ್ದೇನು? ತೀರ್ಪು ಬಂದ ಮೇಲೆ ತೆರವಿನ ಆದೇಶ ಬರೆಯಿತು. ಗ್ರಾಮಸ್ಥರು ಮತ್ತೆ ಅರ್ಜಿ ಹಾಕಿದರು. ಅದು ವಿಚಾರಣೆಗೆ ಬರುವ ಮೊದಲೇ, ಆ ವರ್ಷದ ಕ್ರಿಸ್ಮಸ್ ಹಬ್ಬದ ಹೊತ್ತಿಗೆ, ಸೈನಿಕರು ಊರಿನ ಮನೆಗಳನ್ನು ಸಿಡಿಮದ್ದಿಟ್ಟು ಉರುಳಿಸಿದರು. ಚರ್ಚು ಮತ್ತು ಸ್ಮಶಾನ ಮಾತ್ರ ಉಳಿದವು. ಹೀಗೆಯೇ ತೆರವಾಗಿದ್ದ ನೆರೆಯ ಕಫರ್ ಬಿರಿಮ್ ಹಳ್ಳಿಯ ಮೇಲೆ 1953ರ ಸೆಪ್ಟೆಂಬರ್‌ನಲ್ಲಿ ವಿಮಾನಗಳು ಬಾಂಬು ಹಾಕಿದವು. ಅದೇ 1953ರಲ್ಲಿ ಬಂದ ಭೂಸ್ವಾಧೀನ ಕಾನೂನು, ಹಿಂದಿನ ವರ್ಷದ ಏಪ್ರಿಲ್ 1ರಂದು ಒಡೆಯರ ಸ್ವಾಧೀನದಲ್ಲಿ ಇರದಿದ್ದ ಜಮೀನನ್ನು ಅಭಿವೃದ್ಧಿ, ವಸತಿ, ಭದ್ರತೆಯ ಹೆಸರಿನಲ್ಲಿ ಸರ್ಕಾರದ ಪಾಲಿಗೆ ಬರೆದುಕೊಟ್ಟಿತು. ಹೊಲಕ್ಕೆ ಕಾಲಿಡಲು ಬಿಡದವರೇ, ಹೊಲ ನಿಮ್ಮ ಕೈಯಲ್ಲಿ ಇರಲಿಲ್ಲವಲ್ಲ ಎಂದು ಕಿತ್ತುಕೊಂಡರು.

ಇದರಲ್ಲಿ ಯುದ್ಧದ ಪಾಲೆಷ್ಟು? ಮನೆ ಉರುಳಿದ್ದು ಗುಂಡು ನಿಂತು ಎರಡು ವರ್ಷ ದಾಟಿದ ಮೇಲೆ. ನೆಲ ಹೋದದ್ದು ಸಂಸತ್ತಿನ ಕಾಯಿದೆಯಿಂದ. ಹಾಗಾಗಿ ‘ಅವರು ಊರು ಬಿಟ್ಟದ್ದೇಕೆ’ ಎಂಬ ಪ್ರಶ್ನೆಯ ಸುತ್ತಲೇ ನಡೆಯುವ ಚರ್ಚೆ ದಾರಿ ತಪ್ಪಿದೆ ಎನ್ನುತ್ತೇನೆ. ಆ ಪ್ರಶ್ನೆಗೂ ನಮ್ಮವರು ಕೊಡುವ ಉತ್ತರ ಸರಿಯಿಲ್ಲ. ಇಸ್ರೇಲಿನ ಇತಿಹಾಸಕಾರ ಬೆನ್ನಿ ಮಾರಿಸ್ ಅಲ್ಲಿನ ದಾಖಲೆಗಳನ್ನೇ ಶೋಧಿಸಿ, ಕಾರಣಗಳು ಊರಿಂದೂರಿಗೆ ಬೇರೆ ಎಂದೂ ನಾಯಕರ ಒಟ್ಟಾರೆ ಕರೆ ಎಂಬುದಕ್ಕೆ ಆಧಾರವಿಲ್ಲವೆಂದೂ ತೋರಿಸಿದರು. 1948ರ ಜೂನ್ ಕೊನೆಯ ಇಸ್ರೇಲಿ ಸೇನಾ ಗುಪ್ತಚರ ವರದಿಯೇ, ಅಲ್ಲಿಯವರೆಗೆ ಹೊರಟವರಲ್ಲಿ ಬಹುಪಾಲು ಜನ ಯಹೂದಿ ಪಡೆಗಳ ಕಾರ್ಯಾಚರಣೆಯಿಂದ ಹೊರಟರು ಎಂದಿತ್ತು. ಹೋಗಲಿ, ಹೆದರಿಯೇ ಓಡಿದರು ಎಂದಿಟ್ಟುಕೊಳ್ಳೋಣ. ಗುಂಡಿನ ಸದ್ದಿಗೆ ಮಕ್ಕಳನ್ನು ಎತ್ತಿಕೊಂಡು ಓಡಿದವನು ಮನೆಯ ಹಕ್ಕನ್ನು ಕಳೆದುಕೊಳ್ಳುತ್ತಾನೆಂದು ಯಾವ ಧರ್ಮ ಹೇಳುತ್ತದೆ? ಸುಮಾರು ಏಳು ಲಕ್ಷ ಜನರನ್ನು ನಿರಾಶ್ರಿತರನ್ನಾಗಿ ಉಳಿಸಿದ್ದು ಮರಳಗೊಡದ ತೀರ್ಮಾನ. 1948ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯ ಮಹಾಸಭೆ 194ನೇ ನಿರ್ಣಯದಲ್ಲಿ, ನೆರೆಯವರೊಡನೆ ಶಾಂತಿಯಿಂದ ಬಾಳಲು ಒಪ್ಪುವವರಿಗೆ ಮರಳಲು ಬಿಡಬೇಕೆಂದು ಹೇಳಿದ್ದು ಇದನ್ನು ಕಂಡೇ.

ಎದುರು ವಾದಗಳಿವೆ, ಅವನ್ನು ತಳ್ಳಿಹಾಕಲಾಗದು. ಪ್ಯಾಲೆಸ್ತೀನಿನ ವಿಭಜನೆಯ ಯೋಜನೆಯನ್ನು ಅರಬ್ ನಾಯಕತ್ವ ಒಪ್ಪಲಿಲ್ಲ, ನೆರೆಯ ಅರಬ್ ದೇಶಗಳ ಸೈನ್ಯಗಳು ನುಗ್ಗಿದವು ಎಂಬುದು ನಿಜ. ಆದರೆ ಹೋರಾಡದೆ ಶರಣಾದ ರೈತನಿಂದ ಅದರ ದಂಡ ವಸೂಲು ಮಾಡುವುದು ನ್ಯಾಯವಲ್ಲ. ಗಡಿಯ ಭದ್ರತೆ ಎನ್ನುತ್ತಾರೆ. ಅದೇ ಗಡಿಯ ಬೆಟ್ಟಗಳಲ್ಲಿ, ಇಕ್ರಿತ್‌ನ ಜಮೀನಿನಲ್ಲೂ, ಯಹೂದಿ ಕುಟುಂಬಗಳಿಗೆ ಹೊಸ ಊರುಗಳನ್ನು ಕಟ್ಟಿಸಿಕೊಡಲಾಯಿತು. ಮಕ್ಕಳುಮರಿಯೊಂದಿಗೆ ಒಬ್ಬರು ವಾಸಿಸಬಹುದಾದ ನೆಲ ಇನ್ನೊಬ್ಬರಿಗೆ ಮಾತ್ರ ಅಪಾಯಕಾರಿ ಎಂದರೆ ಭದ್ರತೆಯ ಮಾತು ನೆಪವಾಗುತ್ತದೆ. ನಿಜವಾದ ಕಾರಣ 1972ರಲ್ಲಿ ಹೊರಬಿತ್ತು. ಆರ್ಚ್‌ಬಿಷಪ್ ಜೋಸೆಫ್ ರಾಯಾ ಮುಂದಾಳುತನದಲ್ಲಿ ಇಕ್ರಿತ್ ಮತ್ತು ಕಫರ್ ಬಿರಿಮ್ ಎರಡೂ ಹಳ್ಳಿಗಳ ಚಳವಳಿ ನಡೆದಾಗ ಅನೇಕ ಯಹೂದಿ ಇಸ್ರೇಲಿಗರೂ ಬೆಂಬಲಕ್ಕೆ ನಿಂತರು. ಪ್ರಧಾನಿ ಗೋಲ್ಡಾ ಮೇಯರ್ ಅವರ ಸರ್ಕಾರ ಒಪ್ಪಲಿಲ್ಲ. ಇವರಿಗೆ ಬಿಟ್ಟರೆ ಉಳಿದವರೂ ಕೇಳುತ್ತಾರೆ ಎಂಬುದು ಅದರ ಅಳುಕು. ಈ ಅಳುಕಿನಲ್ಲೇ ತಪ್ಪೊಪ್ಪಿಗೆಯಿದೆ. ಬೇಡಿಕೆ ಅನ್ಯಾಯದ್ದಾಗಿದ್ದರೆ ಉಳಿದವರಿಗೆ ಅದು ಮೇಲ್ಪಂಕ್ತಿಯಾಗುವ ಭಯವೇಕೆ? 1990ರ ದಶಕದಲ್ಲಿ ಸರ್ಕಾರದ್ದೇ ಸಮಿತಿ ಸೀಮಿತ ಮರಳುವಿಕೆಗೆ ಶಿಫಾರಸು ಮಾಡಿತು, ಜಾರಿಯಾಗಲಿಲ್ಲ. 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಸರ್ಕಾರದ ವಾದವನ್ನೇ ಒಪ್ಪಿ ಅರ್ಜಿಯನ್ನು ತಳ್ಳಿಹಾಕಿತು.

ಇಕ್ರಿತ್‌ನವರು ಇಂದಿಗೂ ಹೊರಗಿನವರಾಗಿಲ್ಲ. 1970ರ ದಶಕದಿಂದ ತಮ್ಮವರನ್ನು ಊರಿನ ಸ್ಮಶಾನದಲ್ಲೇ ಮಣ್ಣು ಮಾಡಲು ಅವಕಾಶ ಸಿಕ್ಕಿದೆ. ಚರ್ಚಿನಲ್ಲಿ ಪೂಜೆ ನಡೆಯುತ್ತದೆ. 2012ರಿಂದ ಮೂರನೆಯ ತಲೆಮಾರಿನ ಯುವಕರು ಸರದಿಯ ಮೇಲೆ ಚರ್ಚಿನ ಬಳಿ ಉಳಿಯತೊಡಗಿದರು. ಸತ್ತ ಮೇಲೆ ಊರಿಗೆ ಬರಬಹುದು, ಬದುಕಿರುವಾಗ ಬರುವಂತಿಲ್ಲ ಎಂಬ ನಿಯಮಕ್ಕೆ ಭದ್ರತೆಯ ಯಾವ ಸಮರ್ಥನೆಯೂ ಇಲ್ಲ.

1948ರಲ್ಲಿ ಬರಿದಾದ ನಾನೂರಕ್ಕೂ ಹೆಚ್ಚು ಹಳ್ಳಿಗಳ ಪ್ರಶ್ನೆ ಜಟಿಲ; ಅದಕ್ಕೆ ದೊಡ್ಡ ರಾಜಕೀಯ ಒಪ್ಪಂದ ಬೇಕು. ಇಕ್ರಿತ್‌ಗೆ ಅದೂ ಬೇಕಿಲ್ಲ. ಕೇಳುವವರು ದೇಶದ ಪ್ರಜೆಗಳು, ಊರ ಗುಡ್ಡದ ಮೇಲೆ ಬೇರೆ ಯಾರ ಮನೆಯೂ ಇಲ್ಲ, 1951ರ ತೀರ್ಪು ಅವರ ಕೈಯಲ್ಲಿದೆ. ಇಷ್ಟಿದ್ದೂ ಬಿಡದವರ ತಕರಾರು ಯುದ್ಧದ ಬಗ್ಗೆ ಅಲ್ಲ, ಆ ರೈತರು ಯಾರು ಎಂಬುದರ ಬಗ್ಗೆ. ‘ತಾವಾಗಿಯೇ ಬಿಟ್ಟರು’ ಎಂಬ ಮಾತನ್ನು ಇನ್ನು ಮುಂದೆ ಆಡುವ ಮುನ್ನ ಅದನ್ನು ಇಕ್ರಿತ್‌ಗೆ ಒರೆಹಚ್ಚಿ ನೋಡಿ. ಯಾರಾದರೂ ನಿಮ್ಮೆದುರು ಆಡಿದರೆ, ಮರಳಲು ಬಿಡದವರು ಯಾರು ಎಂದು ಕೇಳಿ.