ಸ್ವಯಂ ತರಗತಿಯ ಕಾಣೆಯಾದ ಕಾಲು ಭಾಗ

ಕೇಂದ್ರ ಸರ್ಕಾರ 2017ರ ಜುಲೈ 9ರಂದು ‘ಸ್ವಯಂ’ ವೇದಿಕೆಯನ್ನು ಲೋಕಾರ್ಪಣೆ ಮಾಡಿದಾಗ ಅದರ ಕೋರ್ಸುಗಳಿಗೆ ನಾಲ್ಕು ಅಂಗಗಳನ್ನು ಗೊತ್ತುಮಾಡಿತ್ತು: ವಿಡಿಯೊ ಪಾಠ, ಇಳಿಸಿಕೊಂಡು ಓದುವ ಪಠ್ಯ, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವ ಪ್ರಶ್ನಾವಳಿ, ಸಂದೇಹ ಬಗೆಹರಿಸಿಕೊಳ್ಳಲು ಚರ್ಚೆಯ ಜಾಗ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟೆಲ್, ಮ್ಯಾನೇಜ್‌ಮೆಂಟ್ ವಿಷಯಗಳ ಹೊಣೆ ಹೊತ್ತ ಐಐಎಂ ಬೆಂಗಳೂರು, ಇಗ್ನೊ ಮೊದಲಾದ ಸಂಸ್ಥೆಗಳು ಈ ಚೌಕಟ್ಟಿನಲ್ಲಿ ಕೋರ್ಸುಗಳನ್ನು ಕೊಡುತ್ತ ಬಂದಿವೆ. ಮೊದಲ ಮೂರು ಅಂಗಗಳ ಬಗ್ಗೆ ದೂರುವುದಕ್ಕೆ ಹೆಚ್ಚೇನಿಲ್ಲ. ಕೆಲವು ಪಾಠಗಳಂತೂ ದೇಶದ ಯಾವ ಒಳ್ಳೆಯ ತರಗತಿಗೂ ಸಾಟಿ. ನಾಲ್ಕನೆಯದು ಮಾತ್ರ ಬಹುಮಟ್ಟಿಗೆ ಪರದೆಯ ಮೇಲಿನ ಒಂದು ಗುಂಡಿಯಾಗಿ ಉಳಿದಿದೆ. ಅದನ್ನು ಸಣ್ಣ ಕೊರತೆ ಎಂದು ಬದಿಗಿಡುವವರೇ ಹೆಚ್ಚು. ಆ ಕಾಲು ಭಾಗ ಇಲ್ಲದ ಕೋರ್ಸನ್ನು ಕಾಲೇಜಿನ ಕೋರ್ಸಿಗೆ ಸಮವೆಂದು ಎಣಿಸುವುದೇ ತಪ್ಪು ಎಂಬುದು ನನ್ನ ವಾದ. ಅದು ಕಾಣೆಯಾದದ್ದಕ್ಕೆ ತಂತ್ರಜ್ಞಾನವನ್ನು ದೂರಿ ಫಲವಿಲ್ಲ. ಅಲ್ಲಿ ಕೂತು ಉತ್ತರ ಹೇಳಬೇಕಾದ ಮನುಷ್ಯನ ಕೆಲಸವನ್ನು ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿದಿಲ್ಲ.

ಈ ಬಗೆಯ ಕೋರ್ಸುಗಳ ಹುಟ್ಟಿನಲ್ಲಿ ಚರ್ಚೆಯೇ ಮೂಲದ್ರವ್ಯವಾಗಿತ್ತು ಎಂಬುದನ್ನು ಈಗ ನೆನೆಯುವವರು ಕಡಿಮೆ. 2008ರಲ್ಲಿ ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಮೂಲಕ ಜಾರ್ಜ್ ಸೀಮನ್ಸ್ ಮತ್ತು ಸ್ಟೀಫನ್ ಡೌನ್ಸ್ ಒಂದು ಕೋರ್ಸು ನಡೆಸಿದರು. ಶುಲ್ಕ ಕಟ್ಟಿ ಸೇರಿದವರು 25ರಷ್ಟು ಮಂದಿ. ಬಿಟ್ಟಿಯಾಗಿ ಸೇರಿಕೊಂಡವರು ಸುಮಾರು 2,200. ಪಾಠವೆಂದು ಒಂದೇ ಕಡೆ ಕೂಡಿಟ್ಟ ಸರಕು ಅಲ್ಲಿರಲಿಲ್ಲ. ಓದಿದ್ದನ್ನು ಒಬ್ಬೊಬ್ಬರೂ ತಮ್ಮ ತಮ್ಮ ಬ್ಲಾಗಿನಲ್ಲಿ ಬರೆಯುವುದು, ಇನ್ನೊಬ್ಬರದನ್ನು ಓದಿ ಜಗಳವಾಡುವುದು, ಅವುಗಳನ್ನೆಲ್ಲ ಹೆಕ್ಕಿ ಒಂದು ದಿನಪತ್ರವಾಗಿ ಕಳುಹಿಸುವುದು, ಇದೇ ಪಾಠ. ಗೊಂದಲ ವಿಪರೀತವಿತ್ತು, ದಾರಿ ತಪ್ಪಿದವರೂ ಕಡಿಮೆಯಿರಲಿಲ್ಲ. ಆದರೂ ‘ಮೂಕ್’ ಎಂಬ ಹೆಸರು ಹುಟ್ಟಿದ್ದು ಇದನ್ನು ಕರೆಯುವುದಕ್ಕೇ. ಮೂರು ವರ್ಷದ ಬಳಿಕ ಸ್ಟ್ಯಾನ್‌ಫರ್ಡಿನ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಪಾಠವನ್ನು ಅಂತರ್ಜಾಲಕ್ಕೆ ಬಿಟ್ಟಾಗ 1,60,000 ಮಂದಿ ಹೆಸರು ನೋಂದಾಯಿಸಿದರು, ಸುಮಾರು 23,000 ಮಂದಿ ಮುಗಿಸಿದರು. ಜಗತ್ತು ಬೆರಗಾದದ್ದು ಈ ಎರಡನೆಯದಕ್ಕೆ. ಉಪನ್ಯಾಸದ ವಿಡಿಯೊ, ಯಂತ್ರವೇ ತಿದ್ದುವ ಪ್ರಶ್ನೆ, ಇವೆರಡನ್ನು ಲಕ್ಷಕ್ಕೆ ಹಿಗ್ಗಿಸುವುದು ಸುಲಭ. ಮಾತುಕತೆ ಹಾಗೆ ಹಿಗ್ಗುವ ವಸ್ತುವಲ್ಲ. ಮರುವರ್ಷ ಹುಟ್ಟಿದ ಕೋರ್ಸೆರಾ, ಎಡ್‌ಎಕ್ಸ್, ಉಡಾಸಿಟಿ ಮೂರೂ ಹಿಗ್ಗುವುದನ್ನು ಇಟ್ಟುಕೊಂಡು ಹಿಗ್ಗದ್ದನ್ನು ಅಂಚಿಗೆ ಸರಿಸಿದವು.

ನಮ್ಮಲ್ಲಿ ಈ ಒಲವು ಅದಕ್ಕಿಂತಲೂ ಹಳೆಯದು. ಎನ್‌ಪಿಟೆಲ್‌ಗೆ ಕೇಂದ್ರದ ಹಣ ಬಂದದ್ದು 2003ರಲ್ಲಿ. 2004ರಲ್ಲಿ ಇಸ್ರೊ ಎಜುಸ್ಯಾಟ್ ಉಪಗ್ರಹ ಹಾರಿಸಿದಾಗ ಅದರ ಪ್ರಾಯೋಗಿಕ ಯೋಜನೆಗೆ ಸೇರಿದ ಮೊದಲ ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಟಿಯು ಒಂದು. ಒಬ್ಬ ಒಳ್ಳೆಯ ಉಪನ್ಯಾಸಕ, ಹಲವು ಊರುಗಳ ಪರದೆ ಎಂಬುದು ನಮ್ಮ ಯೋಜಕರಿಗೆ ಹಳೆಯ ಕನಸು. ಉಪಗ್ರಹ ಹೋಗಿ ಯೂಟ್ಯೂಬ್ ಬಂದರೂ ಕನಸಿನ ಆಕಾರ ಬದಲಾಗಿಲ್ಲ.

ಇನ್ನು ಎನ್‌ಪಿಟೆಲ್ ಕೋರ್ಸೊಂದರ ಒಳಗನ್ನೇ ನೋಡೋಣ. 2014ರಿಂದ ನಡೆಯುತ್ತಿರುವ ಈ ಪ್ರಮಾಣಪತ್ರದ ಕೋರ್ಸುಗಳು ಸಾಮಾನ್ಯವಾಗಿ 4, 8 ಅಥವಾ 12 ವಾರದವು. ವಾರವಾರವೂ ಒಂದು ಅಸೈನ್‌ಮೆಂಟ್. 12 ವಾರದ ಕೋರ್ಸಾದರೆ ಅತ್ಯುತ್ತಮವಾದ ಎಂಟರ ಸರಾಸರಿಗೆ 25 ಅಂಕ. ಕೊನೆಗೆ ಗೊತ್ತಾದ ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಕಣ್ಣೆದುರು ಬರೆಯುವ ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬಂದರೆ ಪ್ರಮಾಣಪತ್ರ. ಒಟ್ಟು 60 ದಾಟಿದರೆ ‘ಎಲೀಟ್’, 90 ದಾಟಿದರೆ ಅದರ ಜೊತೆ ಚಿನ್ನ. ಈ ಪರೀಕ್ಷೆಯನ್ನು ಮೆಚ್ಚಲೇಬೇಕು. ಮನೆಯಲ್ಲೇ ಕೂತು ಗುಂಡಿ ಒತ್ತಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಗಳ ನಡುವೆ ಎನ್‌ಪಿಟೆಲ್ ಪ್ರಮಾಣಪತ್ರಕ್ಕೆ ಬೆಲೆ ಬಂದದ್ದು ಇದರಿಂದಲೇ. ಆದರೆ ಲೆಕ್ಕವನ್ನು ಕೂಡಿ ನೋಡಿ: 25ಕ್ಕೆ 75 ಸೇರಿದರೆ ನೂರು ಭರ್ತಿಯಾಯಿತು. ಸಹಪಾಠಿಯೊಬ್ಬನ ತಪ್ಪನ್ನು ಬಿಡಿಸಿ ಹೇಳಿದ್ದಕ್ಕೆ, ಒಳ್ಳೆಯ ಪ್ರಶ್ನೆ ಎತ್ತಿದ್ದಕ್ಕೆ ಉಳಿದದ್ದು ಸೊನ್ನೆ. ವಿದ್ಯಾರ್ಥಿಗಳು ಗಣಿತದಲ್ಲಿ ಎಷ್ಟೇ ಹಿಂದಿದ್ದರೂ ಈ ಲೆಕ್ಕ ತಪ್ಪುವುದಿಲ್ಲ. ಚರ್ಚೆಯ ಜಾಗದಲ್ಲಿ ‘ಅಸೈನ್‌ಮೆಂಟಿನ ಕೊನೆಯ ದಿನ ಮುಂದೂಡಿ’ ಎಂಬಂಥ ಮನವಿಗಳು ಬಂದು ಬೀಳುತ್ತವೆ. ವಾರದ ಉತ್ತರಗಳು ಯೂಟ್ಯೂಬಿನಲ್ಲೂ ಟೆಲಿಗ್ರಾಂ ಗುಂಪುಗಳಲ್ಲೂ ಗಡುವಿಗೆ ಮುಂಚೆಯೇ ಓಡಾಡುತ್ತವೆ.

ಕೂಡಿ ಕಲಿಯದಿದ್ದರೆ ಆಗುವ ನಷ್ಟವಾದರೂ ಏನು? ಅದಕ್ಕೆ ಪುರಾವೆ ಬೇಕಾದಷ್ಟಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯ ಒಂದೇ ಶೈಕ್ಷಣಿಕ ವರ್ಷದಲ್ಲಿ ಎರಡು ಪ್ರಯೋಗ ನಡೆಸಿತು. 2012ರ ಕೊನೆಯಲ್ಲಿ ಎಂಐಟಿಯ ವಿದ್ಯುನ್ಮಂಡಲದ ಪಾಠವನ್ನು ಎಡ್‌ಎಕ್ಸ್‌ನಿಂದ ತಂದು, ವಿಡಿಯೊ ಮನೆಯಲ್ಲಿ ನೋಡಿಸಿ, ತರಗತಿಯ ವೇಳೆಯನ್ನು ಗುಂಪಾಗಿ ಲೆಕ್ಕ ಬಿಡಿಸುವುದಕ್ಕೆ ಮೀಸಲಿಟ್ಟಿತು. ಅಲ್ಲಿಯವರೆಗೆ ನೂರಕ್ಕೆ 60 ಮುಟ್ಟದಿದ್ದ ಉತ್ತೀರ್ಣರ ಪ್ರಮಾಣ 91ಕ್ಕೆ ಏರಿತು. 2013ರ ಆರಂಭದಲ್ಲಿ ಉಡಾಸಿಟಿ ಜೊತೆ ಸೇರಿ ಗಣಿತ ಮತ್ತು ಸಂಖ್ಯಾಶಾಸ್ತ್ರದ ಮೂರು ಕೋರ್ಸುಗಳನ್ನು 150 ಡಾಲರಿಗೆ ಪೂರ್ತಿ ಆನ್‌ಲೈನಿನಲ್ಲಿ ಕೊಟ್ಟಿತು. ಮೂರರಲ್ಲೂ ಅರ್ಧಕ್ಕಿಂತ ಕಡಿಮೆ ಮಂದಿ ಪಾಸಾದರು, ಜುಲೈ ಹೊತ್ತಿಗೆ ಯೋಜನೆಗೆ ತಡೆ ಬಿತ್ತು. ಬೇಸಿಗೆಯ ಸುತ್ತಿನಲ್ಲಿ ಫಲಿತಾಂಶ ಚೇತರಿಸಿಕೊಂಡಿತು ನಿಜ, ಆದರೆ ಆಗ ಸೇರಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅದಾಗಲೇ ಪದವಿ ಪಡೆದವರು. ಎರಡು ಪ್ರಯೋಗಗಳ ವಿದ್ಯಾರ್ಥಿಗಳೂ ಒಂದೇ ಬಗೆಯವರಲ್ಲ, ಹಾಗಾಗಿ ಇದೊಂದನ್ನೇ ಹಿಡಿದು ತೀರ್ಪು ಕೊಡಲಾಗದು. ಆದರೆ 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಗಾಳಿ ಬೀಸಿದ್ದು ಅದೇ ದಿಕ್ಕಿಗೆ: ಬರಿಯ ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ ಸುಮಾರು 34 ಮಂದಿ ನಪಾಸು, ತರಗತಿಯಲ್ಲಿ ಸಕ್ರಿಯವಾಗಿ ಬಿಡಿಸಿ ಚರ್ಚಿಸಿ ಕಲಿತವರಲ್ಲಿ ಸುಮಾರು 22. ವಿಡಿಯೊ ಎಷ್ಟೇ ಸೊಗಸಾಗಿದ್ದರೂ ಅದು ಉಪನ್ಯಾಸವೇ.

ಕೋರ್ಸು ಮುಗಿಸದವರ ಸಂಖ್ಯೆಯನ್ನು ಹಿಡಿದು ಹಂಗಿಸುವುದು ಅನ್ಯಾಯ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ, ಅದರಲ್ಲಿ ಹುರುಳೂ ಇದೆ. ಎಂಐಟಿ ಮತ್ತು ಹಾರ್ವರ್ಡ್ ಎಡ್‌ಎಕ್ಸ್ ಮೂಲಕ ಕೊಟ್ಟ ಕೋರ್ಸುಗಳನ್ನು ಜಸ್ಟಿನ್ ರೈಖ್ ಮತ್ತು ಹೊಸೆ ರುಯಿಪೆರೆಸ್ ವಾಲಿಯೆಂತೆ ಪರಿಶೀಲಿಸಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪ್ರಕಾರ, ನೋಂದಾಯಿಸಿದವರಲ್ಲಿ ನೂರಕ್ಕೆ 52 ಮಂದಿ ಪಾಠದ ಒಳಗೆ ಕಾಲಿಟ್ಟೇ ಇಲ್ಲ. 2017-18ರಲ್ಲಿ ಮುಗಿಸಿದವರು ನೂರಕ್ಕೆ ಮೂವರು. ಇದರಿಂದ ಏನೂ ಸಾಬೀತಾಗುವುದಿಲ್ಲ, ಗ್ರಂಥಾಲಯಕ್ಕೆ ಬಂದವರೆಲ್ಲ ಪುಸ್ತಕವನ್ನು ಕೊನೆವರೆಗೆ ಓದಬೇಕೆಂದು ಯಾರೂ ಕೇಳುವುದಿಲ್ಲ ಎಂದು ವೇದಿಕೆಗಳ ಪರ ವಕೀಲರು ಹೇಳುತ್ತಾರೆ. ಕುತೂಹಲಕ್ಕೆ ಬಂದು ಒಂದು ಅಧ್ಯಾಯ ಕೇಳಿ ಹೋದ ಬ್ಯಾಂಕ್ ನೌಕರನ ಮಟ್ಟಿಗೆ ಈ ಮಾತು ಸರಿ. ಆದರೆ ಯುಜಿಸಿ 2016ರ ನಿಯಮದಲ್ಲಿ ಒಂದು ಸೆಮಿಸ್ಟರಿನ ಶೇ 20ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಪಡೆಯಬಹುದೆಂದಿತು. 2021ರಲ್ಲಿ ಮಿತಿಯನ್ನು ಶೇ 40ಕ್ಕೆ ಏರಿಸಿತು. ಅಲ್ಲಿಗೆ ಗ್ರಂಥಾಲಯದ ಹೋಲಿಕೆ ಬಿದ್ದುಹೋಗುತ್ತದೆ. ಗ್ರಂಥಾಲಯ ಯಾರಿಗೂ ಬಿ.ಇ. ಕೊಡುವುದಿಲ್ಲ.

ವಿದ್ಯಾರ್ಥಿಗಳು ಹೇಗೂ ವಾಟ್ಸ್ಆ್ಯಪ್, ಟೆಲಿಗ್ರಾಂಗಳಲ್ಲಿ ಕೂಡಿಯೇ ಕಲಿಯುತ್ತಿದ್ದಾರಲ್ಲ, ವೇದಿಕೆಯ ಚರ್ಚೆ ಸತ್ತರೇನು ಎಂಬುದು ಇನ್ನೊಂದು ವಾದ. ಗುಂಪುಗಳಿವೆ, ಗೆಲುವಾಗಿಯೇ ಇವೆ. ಹಾಸನದ ಹುಡುಗಿಯೊಬ್ಬಳಿಗೆ ಕಲಬುರಗಿಯ ಹುಡುಗನೊಬ್ಬ ರಾತ್ರಿ ಹನ್ನೊಂದಕ್ಕೆ ಕನ್ನಡದಲ್ಲಿ ಲೆಕ್ಕ ಬಿಡಿಸಿ ಹೇಳಬಲ್ಲ ಜಾಗ ಸದ್ಯಕ್ಕೆ ಅದೊಂದೇ. ಎನ್‌ಪಿಟೆಲ್ ತನ್ನ ಎಷ್ಟೋ ಪಾಠಗಳ ಪಠ್ಯವನ್ನು ಕನ್ನಡಕ್ಕೂ ತಂದಿದೆ, ಅದು ದೊಡ್ಡ ಉಪಕಾರ; ಆದರೆ ಚರ್ಚೆಯೂ ಪರೀಕ್ಷೆಯೂ ಬಹುಪಾಲು ಇಂಗ್ಲಿಷಿನಲ್ಲೇ ನಡೆಯುವಾಗ ಸಂಕೋಚದ ವಿದ್ಯಾರ್ಥಿ ಅಲ್ಲಿ ಬಾಯಿ ಬಿಡುವುದಿಲ್ಲ, ಗುಂಪಿಗೆ ಹೋಗುತ್ತಾನೆ. ಗುಂಪಿನಲ್ಲಿ ಇಲ್ಲದ್ದು ತಿದ್ದುವ ಕೈ. ತಪ್ಪು ಉತ್ತರವೂ ಸರಿ ಉತ್ತರದಷ್ಟೇ ವೇಗವಾಗಿ ಹರಡುತ್ತದೆ. ‘ಯಾಕೆ’ ಎಂದು ಕೇಳಿದವನಿಗೆ ‘ಆಪ್ಷನ್ ಸಿ’ ಎಂಬ ಉತ್ತರ ಬರುತ್ತದೆ. ಹಾರ್ವರ್ಡಿನ ಎರಿಕ್ ಮಜುರ್ 1990ರ ದಶಕದ ಆರಂಭದಿಂದ ಭೌತಶಾಸ್ತ್ರದ ತರಗತಿಯಲ್ಲಿ ಸಹಪಾಠಿಗಳಿಂದಲೇ ಕಲಿಸುವ ಕ್ರಮವನ್ನು ಬೆಳೆಸಿದಾಗ ವಿದ್ಯಾರ್ಥಿಗಳನ್ನು ಅವರ ಪಾಡಿಗೆ ಬಿಡಲಿಲ್ಲ. ಮೊದಲು ಒಂಟಿಯಾಗಿ ಉತ್ತರ ಕೊಡಬೇಕು, ಆಮೇಲೆ ಪಕ್ಕದವನನ್ನು ವಾದಿಸಿ ಒಪ್ಪಿಸಬೇಕು, ಮತ್ತೊಮ್ಮೆ ಉತ್ತರಿಸಬೇಕು, ಆ ಬಳಿಕ ಮೇಷ್ಟ್ರು ವಿವರಿಸಬೇಕು. ಯಾವ ಪ್ರಶ್ನೆಗೆ ತರಗತಿ ಇಬ್ಭಾಗವಾಗುತ್ತದೆ ಎಂದು ತಿಳಿದು ಅದನ್ನೇ ಆರಿಸುವುದು ಮೇಷ್ಟ್ರ ಕುಶಲತೆ. ಚರ್ಚೆಗೆ ಅಂಕ ಕೊಟ್ಟುಬಿಟ್ಟರೆ ಸಾಕು ಎನ್ನುವವರು ಈ ಕುಶಲತೆಯನ್ನು ಮರೆಯುತ್ತಾರೆ. ಅಂಕ ಕೊಟ್ಟರೆ ‘ವೆರಿ ನೈಸ್ ಸರ್’ ಎಂಬ ಸಾಲುಗಳ ರಾಶಿ ಬೀಳುತ್ತದೆ, ಅಷ್ಟೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಬಡತನದ್ದು. ಅಧ್ಯಾಪಕರೇ ಇಲ್ಲದ ಕಾಲೇಜಿಗೆ ಐಐಟಿ ಪ್ರಾಧ್ಯಾಪಕರ ವಿಡಿಯೊ ಬಂದರೆ ಅದು ವರವೇ ಅಲ್ಲವೆ? ವರವೇ, ಖಾಲಿ ಹುದ್ದೆ ತುಂಬುವ ತನಕ. ಆದರೆ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ, ಅವರ ಉದ್ಯೋಗ ನಿಂತಿರುವುದು ವಾರದ ಕಾರ್ಯಭಾರದ ಗಂಟೆಗಳ ಮೇಲೆ. ಕ್ರೆಡಿಟ್ಟಿನ ಶೇ 40ರವರೆಗೆ ಪರದೆಗೆ ಹೋಗಬಹುದು ಎಂದರೆ ಕಾರ್ಯಭಾರದಿಂದ ಅಷ್ಟು ಗಂಟೆ ಕತ್ತರಿಸಬಹುದು ಎಂದೇ ಲೆಕ್ಕಪತ್ರದವರು ಓದುತ್ತಾರೆ. ಸ್ಯಾನ್ ಹೊಸೆಯ ತತ್ವಶಾಸ್ತ್ರ ವಿಭಾಗದವರು 2013ರಲ್ಲಿ ಹಾರ್ವರ್ಡಿನ ಮೈಕೆಲ್ ಸ್ಯಾಂಡೆಲ್ ಅವರಿಗೆ ಬಹಿರಂಗ ಪತ್ರ ಬರೆದು ಅವರ ಪ್ರಸಿದ್ಧ ವಿಡಿಯೊ ಕೋರ್ಸನ್ನು ಬಳಸಲು ಒಪ್ಪದಿದ್ದದ್ದು ಇದೇ ಭಯದಿಂದ: ಸಿರಿವಂತ ವಿಶ್ವವಿದ್ಯಾಲಯಕ್ಕೆ ಜೀವಂತ ಪ್ರಾಧ್ಯಾಪಕ, ಬಡ ವಿಶ್ವವಿದ್ಯಾಲಯಕ್ಕೆ ಅವರ ಚಿತ್ರ. ಬರೆದವರಿಗೆ ತಮ್ಮ ನೌಕರಿಯ ಚಿಂತೆಯೂ ಇತ್ತು ಎಂದು ಮೂಗು ಮುರಿಯಬಹುದು. ಇರಲಿ, ಅದರಿಂದ ವಾದ ಸುಳ್ಳಾಗುವುದಿಲ್ಲ.

ಹಾಗೆಂದು ಸ್ವಯಂ ಬೇಡ ಎನ್ನುತ್ತಿಲ್ಲ. ವಿದ್ಯಾರ್ಥಿಗೆ ಮಾರ್ಗದರ್ಶನ ನೀಡಲು ಕಾಲೇಜು ಒಬ್ಬ ಸಂಯೋಜಕರನ್ನು ಗೊತ್ತುಮಾಡಬೇಕು ಎಂದು 2016ರ ನಿಯಮವೇ ಹೇಳಿದೆ. ಎನ್‌ಪಿಟೆಲ್ ಕೂಡ ಕಾಲೇಜುಗಳಲ್ಲಿ ಸ್ಥಳೀಯ ಘಟಕಗಳನ್ನು ತೆರೆದು, ಮೆಂಟರ್ ಎಂಬ ಪಾತ್ರವನ್ನು ಇಟ್ಟಿದೆ; ಆ ಮೆಂಟರ್‌ಗೆ ಪ್ರಮಾಣಪತ್ರ ದೊರೆಯುತ್ತದೆ, ಗಂಟೆಗಳು ದೊರೆಯುವುದಿಲ್ಲ. ಕ್ರೆಡಿಟ್ಟಿಗಾಗಿ ಸ್ವಯಂ ಕೋರ್ಸು ತೆಗೆದುಕೊಂಡ ಪ್ರತಿ ತಂಡಕ್ಕೂ ವಾರಕ್ಕೆ ಎರಡು ಗಂಟೆಯ ಚರ್ಚಾ ತರಗತಿ ಇರಲಿ. ಅದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ತಂಡಕ್ಕೆ ಒಗ್ಗಿದ ನುಡಿಯಲ್ಲಿ ನಡೆಯಲಿ, ಅದನ್ನು ನಡೆಸುವ ಉಪನ್ಯಾಸಕರ ಕಾರ್ಯಭಾರದಲ್ಲಿ ಆ ಎರಡು ಗಂಟೆ ದಾಖಲಾಗಲಿ. ಇದಕ್ಕೆ ಹೊಸ ಆ್ಯಪ್ ಬೇಕಿಲ್ಲ. ಇಷ್ಟನ್ನು ಮಾಡಲೊಲ್ಲದ ವಿಶ್ವವಿದ್ಯಾಲಯ ತನ್ನ ಅಂಕಪಟ್ಟಿಯಲ್ಲಿ ಸ್ವಯಂ ಕೋರ್ಸನ್ನು ಪ್ರಮಾಣಪತ್ರವೆಂದು ನಮೂದಿಸಲಿ, ಕ್ರೆಡಿಟ್ ಕೊಡದಿರಲಿ.